ರೆಬೆಕಾ ಸಿಸ್ಟರ್ ಕರೆದು ಹಾಕಿಸಿದ ಸಹಿ

ನಮ್ಮ ಹಿತ್ತಲಿಗೂ ರಾಹೇಲಳ ಹಿತ್ತಲಿಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಅಮ್ಮಿನಬಾವಿಯಿಂದ ಸೊಸೆಯಾಗಿ ಧಾರವಾಡದ ಈ ಮನೆಗೆ ಬಂದಾಗಿನಿಂದ ನಾನು ಆ ಗೋಡೆಗೆ ಮೊಣಕೈ ಊರಿ ಮಾತಾಡಿದ್ದೇ ಮಾತಾಡಿದ್ದು. ನನ್ನ ಗಂಡ ಕಾಳಿನ ವ್ಯಾಪಾರಿ. ಬೆಳಿಗ್ಗೆ ಹುಬ್ಬಳ್ಳಿಯ ಎಪಿಎಂಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಹಾಗಾಗಿ ಆ ಮನೆಯ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳುವವರು ಈ ಓಣಿಯಲ್ಲಿ ಇನ್ನೊಬ್ಬರಿಲ್ಲ. ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಯಾರ ಮೇಲೆ ಎಂದು ಕೇಳಿದರೆ ಮಾತ್ರ ಉತ್ತರ ಕೊಡುವುದು ಕಷ್ಟ.

ರಾಹೇಲ ಸಣ್ಣವಳಿದ್ದಾಗಲೇ ತಂದೆತಾಯಿ ಇಬ್ಬರೂ ತೀರಿಹೋದರು. ಸಾಕಿದವಳು ಸೋದರತ್ತೆ ರೆಬೆಕಾ. ಆಕೆ ನರ್ಸಾಗಿ ದುಡಿದು ನಿವೃತ್ತಳಾದವಳು, ಮದುವೆಯಾಗಿರಲಿಲ್ಲ, ಓಣಿಗೆಲ್ಲ ರೆಬೆಕಾ ಸಿಸ್ಟರ್. ಬಿಳಿ ಸೀರೆ, ಬಿಗಿಯಾದ ತುರುಬು, ಅದಕ್ಕಿಂತ ಬಿಗಿಯಾದ ಬಾಯಿ. ತನ್ನ ದುಡಿಮೆಯಲ್ಲೇ ಈ ಹಂಚಿನ ಮನೆ ಕಟ್ಟಿಸಿದ್ದಳು. ಮುಂದೆ ಕಟ್ಟೆ, ಹಿಂದೆ ರಾಮಫಲದ ಗಿಡ. ಯಾರಿಗೂ ಅಂಜದ ನಮ್ಮ ಅತ್ತೆಯವರು ಆಕೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ರಾಹೇಲಳಿಗೆ ಆಕೆ ಒಬ್ಬ ಸಾಲಿ ಮಾಸ್ತರನನ್ನು ನೋಡಿಟ್ಟಿದ್ದಳು. ರಾಹೇಲ ಆ ಮಾಸ್ತರನನ್ನು ಬಿಟ್ಟು ನೆಹೆಮಿಯಾನನ್ನು ಮಾಡಿಕೊಂಡಳು. ನೆಹೆಮಿಯಾ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುವವನು. ಅವನ ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮದುವೆಗೆ ಅತ್ತೆ ಬಂದಳು, ಮುಂದಿನ ಬೆಂಚಿನಲ್ಲಿ ಕೂತಳು, ಹಾಡನ್ನೂ ಹಾಡಿದಳು. ಆದರೆ ಅವರ ಸಭೆಯಲ್ಲಿ ಒಂದು ಪದ್ಧತಿ ಇದೆ. ವಚನ ಕೊಟ್ಟಾದ ಮೇಲೆ ಮದುವೆಯ ರಜಿಸ್ಟರಿನಲ್ಲಿ ಹುಡುಗಿಯ ಕಡೆಯಿಂದ ಸಾಕ್ಷಿ ಸಹಿ ಹಾಕುವವರು ಅವಳನ್ನು ಸಾಕಿದವರೇ. ಹಾಕಿದರೆ ಮದುವೆಗೆ ಅವರ ಒಪ್ಪಿಗೆ ಇದೆ ಎಂದೇ ಲೆಕ್ಕ. ಪಾಸ್ಟರ್ ಅಯ್ಯನವರು ರಜಿಸ್ಟರ್ ತೆರೆದು ಪೆನ್ನು ಕೊಟ್ಟರು. ರೆಬೆಕಾ ಸಿಸ್ಟರ್ ಆ ಪೆನ್ನಿಗೆ ಟೊಪ್ಪಿಗೆ ಹಾಕಿ, ರಜಿಸ್ಟರಿನ ಮೇಲೆ ಇಟ್ಟು, ಹೊರಗೆ ಹೋಗಿ ಆಟೋ ಕರೆದಳು. ಸಹಿ ಹಾಕಿದ್ದು ಅಯ್ಯನವರ ಹೆಂಡತಿ.

“ಅವತ್ತ ಅತ್ತಿ ನಾಕ ಮಂದ್ಯಾಗ ಬೈದಿದ್ರೂ ನಡೀತಿತ್ರಿ ಭಾಗ್ಯಕ್ಕಾ,” ಎಂದು ರಾಹೇಲ ಎಷ್ಟು ಸಲ ಹೇಳಿದ್ದಾಳೋ. “ಟೊಪ್ಪಿಗಿ ಹಾಕಿ ಇಟ್ಲು ನೋಡ್ರಿ. ಅದನ್ನ ಇವರು ನೋಡ್ಕೋತ ನಿಂತಿದ್ರು.”

ಮುಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಗ ನೆನಪಾದವಳು ರಾಹೇಲ. ಇವಳೂ ಹುಬ್ಬಳ್ಳಿಯ ನರ್ಸರಿ ಸಾಲಿಯ ಕೆಲಸ ಬಿಟ್ಟು ಗಂಡನನ್ನು ಕರೆದುಕೊಂಡು ಬಂದುಬಿಟ್ಟಳು. ಮಕ್ಕಳಿಲ್ಲ, ಇದ್ದ ಬಾಡಿಗೆ ಮನೆ ಬಿಟ್ಟದ್ದೇ. ಅತ್ತೆ ಇಬ್ಬರಿಗೂ ಹಿಂದಿನ ಕೋಣೆ ಕೊಟ್ಟಳು. ಆದರೆ ನೆಹೆಮಿಯಾ ಹಿತ್ತಲ ಬಾಗಿಲಿನಿಂದಲೇ ಬರಬೇಕು, ಚಹಾ ಕುಡಿಯುವುದಿದ್ದರೆ ಮುಂದಿನ ಕಟ್ಟೆಯ ಮೇಲೆ. ಅವನು ಎದುರಿಗೇ ನಿಂತಿದ್ದರೂ, “ರಾಹೇಲಾ, ನಿನ್ನ ಗಂಡಗ ಹೇಳು, ನಳಾ ಸೋರಾಕತ್ತೈತಿ,” ಎನ್ನುವಳು. ಅವನು ಹೋಗಿ ನಳ ರಿಪೇರಿ ಮಾಡುವನು. ಇದು ಒಂದು ದಿನದ್ದಲ್ಲ, ಎರಡು ದಿನದ್ದಲ್ಲ, ವರ್ಷಗಟ್ಟಲೆ ನಡೆಯಿತು. ಗೋಡೆಯಾಚೆ ನನಗೇ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ತಡೆಯಲಾರದೆ ಕೇಳಿದೆ. “ನಿಮಗ ಸಿಟ್ಟ ಬರಂಗಿಲ್ಲೇನ್ರಿ?”

“ಲೇಥ್ ಮುಂದ ನಿಂತು ಸಿಟ್ಟ ಮಾಡ್ಕೊಂಡ್ರ ಬೆರಳ ಹೋಗ್ತಾವ್ರಿ ವೈನಿ,” ಎಂದ ನೆಹೆಮಿಯಾ. “ಅದರ ರೂಢೀನ ಬಿಟ್ಟೈತಿ.”

ಕಡೆಯ ವರ್ಷ ಆಕೆಯ ಹೃದಯ ಕೈಕೊಟ್ಟಿತು. ಸತ್ತೂರಿನ ದವಾಖಾನೆಗೆ ಹೋಗಿ ಬರುವುದು ವಾರದ ಕೆಲಸವಾಯಿತು. ರಾಹೇಲಳ ಕೈಯಲ್ಲಿ ಎತ್ತುವುದು ಆಗುತ್ತಿರಲಿಲ್ಲ. ನೆಹೆಮಿಯಾ ಪಾಳಿ ಬದಲಿಸಿಕೊಂಡು, ಕಟ್ಟೆಯಿಂದ ಆಟೋದವರೆಗೆ ಆಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗುತ್ತಿದ್ದ. ಆಕೆ ಮುಖ ಆಚೆ ತಿರುಗಿಸಿಕೊಂಡೇ ಇರುತ್ತಿದ್ದಳು. ಆದರೆ ಒಂದು ಕೈ ಅವನ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದಿರುತ್ತಿತ್ತು, ಅದನ್ನು ನಾನು ಕಂಡಿದ್ದೇನೆ.

ಆಗಲೇ ಆಕೆ ಮೃತ್ಯುಪತ್ರ, ಅಂದರೆ ಉಯಿಲು, ಬರೆದದ್ದು. ವಕೀಲರ ಹತ್ತಿರ ಹೋಗಲಿಲ್ಲ, ತನ್ನ ಕೈಯಾರೆ ಬರೆದಳು. ಮನೆ ರಾಹೇಲಳಿಗೆ. ಮೃತ್ಯುಪತ್ರದಂತೆ ಎಲ್ಲವನ್ನೂ ನಡೆಸಿಕೊಡುವ ಜವಾಬ್ದಾರಿಯೂ ರಾಹೇಲಳದೇ. ಉಳಿದದ್ದು ಏನಿದ್ದರೂ ತೀರಿಹೋದ ಇನ್ನೊಬ್ಬ ಅಣ್ಣನ ಮಗ ಸ್ಯಾಮ್‌ಗೆ. ಈ ಸ್ಯಾಮ್ ಬೆಳಗಾವಿಯಲ್ಲಿ ಔಷಧದ ಅಂಗಡಿ ಇಟ್ಟವನು, ಕ್ರಿಸ್‌ಮಸ್ಸಿಗೊಮ್ಮೆ ಅಲ್ಲಿಯ ಕುಂದಾ ಸಿಹಿಯ ಡಬ್ಬಿ ಹಿಡಿದು ಬಂದು ಹೋಗುವವನು. ಉಳಿದದ್ದು ಎಂದರೆ ಒಂದು ಕಪಾಟು, ಬ್ಯಾಂಕಿನಲ್ಲಿ ಒಂದಿಷ್ಟು. ಹುಡುಗನನ್ನು ಪೂರಾ ಬಿಟ್ಟಂತಾಗಬಾರದು ಎಂಬ ವಿಚಾರ ಅಷ್ಟೇ.

ಭಾನುವಾರ ಮನೆಪ್ರಾರ್ಥನೆ ಮುಗಿದಿತ್ತು. ನಾನು ಸಿಸ್ಟರಿಗೆ ಗಂಜಿ ಕೊಡಲು ಹೋದವಳು ಹಾಗೇ ನಿಂತಿದ್ದೆ. ಆಕೆ ನಮ್ಮೆದುರಿಗೇ ಕಾಗದಕ್ಕೆ ತನ್ನ ಸಹಿ ಮಾಡಿದಳು. ಪಾಸ್ಟರ್ ಅಯ್ಯನವರು ಸಾಕ್ಷಿ ಹಾಕಿ, ಇನ್ನೊಬ್ಬ ಸಾಕ್ಷಿ ಬೇಕೆಂದು ನನ್ನ ಕಡೆ ಪೆನ್ನು ಚಾಚಿದರು. ನಾನು ಸೆರಗಿಗೆ ಕೈ ಒರೆಸಿಕೊಂಡೆ.

“ತಡೀರಿ,” ಎಂದಳು ಸಿಸ್ಟರ್. ಆಮೇಲೆ ಬಾಗಿಲ ಕಡೆ ನೋಡಿ, “ನೆಹೆಮಿಯಾ,” ಎಂದಳು.

ಆಕೆಯ ಬಾಯಲ್ಲಿ ಆ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ. ತೆರೆದ ಬಾಗಿಲಿನಾಚೆ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ಅವನೂ ಕೇಳಿರಲಿಲ್ಲ, ಅದಕ್ಕೇ ಏಳಲಿಲ್ಲ. ಆಕೆ ಇನ್ನೊಮ್ಮೆ ಕರೆದಳು. ಬಂದು ಹೊಸ್ತಿಲಲ್ಲಿ ನಿಂತ. “ಒಳಗ ಬಾ. ಇಲ್ಲೆ ಕೂಡು,” ಎಂದು ತನ್ನ ಹಾಸಿಗೆಯ ಅಂಚನ್ನು ತಟ್ಟಿದಳು. ಕೂತ.

“ನಿಮ್ಮ ಮದುವ್ಯಾಗ ನಾ ಸಹಿ ಹಾಕಲಿಲ್ಲ. ಈಗ ನನ್ನ ಕಾಗದಕ್ಕ ನೀ ಹಾಕು.”

ನೆಹೆಮಿಯಾ ಎರಡೂ ಅಂಗೈಗಳನ್ನು ಪ್ಯಾಂಟಿನ ಎರಡೂ ಬದಿಗೆ ಒರೆಸಿಕೊಂಡು, ಪೆನ್ನು ತೆಗೆದುಕೊಂಡು ಸಹಿ ಹಾಕಿದ. ಅಡುಗೆಮನೆಯ ಬಾಗಿಲಲ್ಲಿ ರಾಹೇಲ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ. ಎಂಥ ಛಲೋ ಗಳಿಗೆ ಎಂದುಕೊಂಡು ಮನೆಗೆ ಬಂದು ಗಂಡನಿಗೂ ಹೇಳಿದೆ.

ಮುಂದಿನ ಕ್ರಿಸ್‌ಮಸ್ ಬರುವ ಮೊದಲೇ ಸಿಸ್ಟರ್ ತೀರಿಕೊಂಡಳು. ಮರುವರ್ಷದ ಮಳೆಗಾಲದಲ್ಲಿ ಅಯ್ಯನವರೂ ತೀರಿಹೋದರು. ಮನೆಯನ್ನು ರಾಹೇಲಳ ಹೆಸರಿಗೆ ಮಾಡಿಸಲು ಹೋದರೆ ಕಚೇರಿಯಲ್ಲಿ ಪ್ರೊಬೇಟ್ ತನ್ನಿ ಎಂದರು. ಅಂದರೆ ಈ ಮೃತ್ಯುಪತ್ರ ಖರೇ ಎಂದು ಕೋರ್ಟು ಮುದ್ರೆ ಹಾಕಿ ಕೊಡಬೇಕು. ನನ್ನ ಗಂಡನಿಗೆ ಗೊತ್ತಿದ್ದ ಶಂಭುಲಿಂಗ ವಕೀಲರ ಹತ್ತಿರ ನಾನೇ ಅವಳನ್ನು ಕರೆದುಕೊಂಡು ಹೋದೆ. ಅವರು ಅರ್ಜಿ ಹಾಕಿದರು, ಮನೆಯೊಳಗಿನ ಸಾಮಾನೆಲ್ಲ ಪಟ್ಟಿ ಮಾಡಿದರು. ಮಂಚ, ಕಪಾಟು, ಗಾಲಿಕುರ್ಚಿ, ಕಡೆಗೆ ಗಾಜಿನ ಬಟ್ಟಲಲ್ಲಿ ನೀರಲ್ಲಿಟ್ಟಿದ್ದ ಸಿಸ್ಟರ್ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟನ್ನೂ ಬಿಡಲಿಲ್ಲ.

“ಕೋರ್ಟ್ ಆರ್ಡರ್ ಬರೂತನಕಾ ಇದ್ದದ್ದ ಇದ್ದಂಗ ಇರ್ಲಿ,” ಎಂದರು.

“ಹಲ್ಲೂ ಆಸ್ತೀನೇನ್ರಿ?” ಎಂದಳು ರಾಹೇಲ.

“ಪಟ್ಟಿಯೊಳಗ ಬಂದೈತಲ್ರೀ, ಇರ್ಲಿ.”

ಸ್ಯಾಮ್‌ಗೆ ನೋಟೀಸು ಹೋಯಿತು. ಅವನ ಕಡೆಯಿಂದ ಉತ್ತರ ಬಂದ ದಿನ ವಕೀಲರು ನಮ್ಮಿಬ್ಬರನ್ನೂ ಕರೆಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಒಳ್ಳೆಯ ಮಾತು ಬರುವುದಿಲ್ಲ.

“ಮೃತ್ಯುಪತ್ರ ಖರೇ ಅಂತ ಸ್ಯಾಮ್ ಒಪ್ಪ್ಯಾನ,” ಎಂದರು. “ಆದ್ರ ಒಂದ ಮಾತ ಎತ್ಯಾನ. ಮೃತ್ಯುಪತ್ರದಾಗ ಏನರೆ ಬರೂದಿರತೈತಲ್ಲ, ಅವರು ಸಾಕ್ಷಿ ಹಾಕಬಾರದು. ಅವರ ಗಂಡ ಹೆಂಡ್ತೀನೂ ಹಾಕಬಾರದು. ಹಾಕಿದ್ರ ಮೃತ್ಯುಪತ್ರ ನಿಲ್ಲತೈತಿ, ಅವರಿಗೆ ಕೊಟ್ಟದ್ದಷ್ಟ ರದ್ದಾಗತೈತಿ. ನಿಮ್ಮ ಮನಿಯವರ ಸಹಿ ಐತಿ, ಅದಕ್ಕ ನಿಮಗ ಕೊಟ್ಟ ಮನಿ ರದ್ದು. ರದ್ದಾದದ್ದು ಉಳಿದದ್ದರಾಗ ಸೇರತೈತಿ. ಉಳಿದದ್ದು ಸ್ಯಾಮ್‌ದು.”

ನಾನು ಬಿಟ್ಟೇನೆಯೇ. “ನಮ್ಮ ಮಾವನವರ ಮೃತ್ಯುಪತ್ರಕ್ಕ ಮನಿ ಅಳಿಯಾನ ಸಾಕ್ಷಿ ಹಾಕ್ಯಾನ್ರಿ. ನೀವ ಬರದೀರಿ. ಏನೂ ಆಗಲಿಲ್ಲ, ಮಗಳಿಗೆ ಬರೂದು ಬಂತು.”

“ನಿಮ್ಮ ಮಂದಿಗೆ ನಡೀತೈತ್ರಿ ಅಕ್ಕಾರ. ಕ್ರಿಶ್ಚನ್ ಮಂದಿ ಕಾಯ್ದಾದಾಗ ನಡಿಯೂದಿಲ್ಲ. ನನ್ನ ಕಡೆ ಬರೂದೆಲ್ಲ ನಿಮ್ಮಂಥಾವರ ಕೇಸು, ನನ್ನ ಲಕ್ಷ್ಯಕ್ಕ ಬರಲಿಲ್ಲ.”

ಲಕ್ಷ್ಯಕ್ಕೆ ಬರಲಿಲ್ಲವಂತೆ. ಅಲ್ಲೇ ಏನಾದರೂ ಅಂದುಬಿಡುತ್ತಿದ್ದೆ, ರಾಹೇಲ ನನ್ನ ಕೈ ಹಿಡಿದಳು. ಪೆನ್ನು ನನ್ನ ಕಡೆಗೇ ಬಂದಿತ್ತಲ್ಲ, ನಾನು ಆಗಲೇ ಕೈ ಒರೆಸಿಕೊಂಡಿದ್ದೆನಲ್ಲ ಎಂಬುದು ನನ್ನ ತಲೆಯಲ್ಲಿ ತಿರುಗತೊಡಗಿತು. ಇವತ್ತಿಗೂ ನಿಂತಿಲ್ಲ.

“ಅರ್ಜಿ ಹಿಂದಕ್ಕ ತಗೊಂಡ್ರ?” ಎಂದಳು ರಾಹೇಲ.

“ಸ್ಯಾಮ್ ಹಾಕ್ತಾನ.”

ಅಲ್ಲಿಂದ ಶುರುವಾಯಿತು ಅವಳ ಸೆರೆವಾಸ. ತಾರೀಖಿನ ಮೇಲೆ ತಾರೀಖು. ಹಂಚು ಒಡೆದು ಪಡಸಾಲೆ ಸೋರಿದರೆ ಮೊದಲು ವಕೀಲರಿಗೆ ಫೋನು, ಆಮೇಲೆ ಬಕೀಟು. ಗೆದ್ದಲು ಹಿಡಿದ ಮಂಚ ಹೊರಗೆ ಹಾಕುವಂತಿಲ್ಲ. ದಿನಾ ಬೆಳಿಗ್ಗೆ ಸತ್ತ ಅತ್ತೆಯ ಗಾಲಿಕುರ್ಚಿ ಒರೆಸುವಳು, ಹಲ್ಲಿನ ಬಟ್ಟಲಿನ ನೀರು ಬದಲಿಸುವಳು. ಬೇರೆ ಮನೆ ಹಿಡಿಯೋಣವೆಂದರೆ, ಬಿಟ್ಟು ಹೋದರೆ ಸಾಮಾನಿಗೆ ಜವಾಬ್ದಾರಿ ಯಾರು ಎಂದು ವಕೀಲರು ಕೇಳುವರು. ನಾನು ಗೋಡೆಯಾಚೆಯಿಂದ, “ಹೋಗ್ಲಿ ಬಿಡವಾ, ಒಂದಿನ ನಮ್ಮ ಜೋಡಿ ಅಮ್ಮಿನಬಾವಿಗೆ ಬಾ,” ಎಂದರೂ ಬರಲಿಲ್ಲ.

“ಈ ಮನ್ಯಾಗ ಮಗಳಾಗಿ ಇದ್ದೆ, ದಾದಿಯಾಗಿ ಇದ್ದೆ. ಈಗ ವಾಚಮನ್ ಆಗೇನ್ರಿ ಭಾಗ್ಯಕ್ಕಾ,” ಎಂದಳು. “ಅದೂ ಇನ್ನೊಬ್ರ ಮನಿಗೆ.”

ಹಾಗೆಂದು ಸ್ಯಾಮ್ ರಾಕ್ಷಸನೇನಲ್ಲ. ಒಂದು ಸಲ ಬಂದ, ಕುಂದಾದ ಡಬ್ಬಿ ತಂದ. “ಅಕ್ಕಾ, ನಾ ಬೇಡಿದ್ದಲ್ಲ, ಕಾಯ್ದಾ ಕೊಟ್ಟದ್ದು,” ಎಂದ. ಬೇಡಲಿಲ್ಲ ಸರಿ, ಬೇಡ ಎನ್ನಲು ಬಾಯಿ ಇತ್ತಲ್ಲ. ಮನೆಯಲ್ಲಿ ಹೆಂಡತಿ ಕೇಳುವುದಿಲ್ಲವಂತೆ. ಡಬ್ಬಿಯನ್ನು ರಾಹೇಲ ನನಗೆ ಕೊಟ್ಟಳು. ನಾನು ನಮ್ಮ ಕೆಲಸದವಳಿಗೆ ಕೊಟ್ಟೆ.

ಸಾಕ್ಷಿಯ ತಾರೀಖು ಬಂದಾಗ ವಕೀಲರು ಒಂದು ದಾರಿ ತೋರಿಸಿದರು. “ಅಯ್ಯನವರು ತೀರ್ಕೊಂಡಾರ. ಸಹಿ ಹಾಕಿದವರೊಳಗ ಬದುಕಿರೂ ಸಾಕ್ಷಿ ನಿಮ್ಮ ಯಜಮಾನ್ರು ಒಬ್ರ. ಅವರು ಕಟಕಟ್ಯಾಗ ನಿಂತು ಈ ಸಹಿ ನೆನಪಿಲ್ಲ ಅಂದ್ರ, ಮೃತ್ಯುಪತ್ರ ಒಂದ ಕಾಲ ಮ್ಯಾಲ ನಿಂತಂಗ. ಬೀಳತೈತಿ. ಬಿದ್ರ, ಮೃತ್ಯುಪತ್ರನ ಇರಲಿಲ್ಲ ಅನ್ನೂ ಹಂಗ, ಆಸ್ತಿ ಇಬ್ರು ಅಣ್ಣಂದಿರ ಮಕ್ಕಳಿಗೆ ಸಮಪಾಲು. ಅರ್ಧಾ ಮನಿ ನಿಮ್ಮದು.” ಆಮೇಲೆ ಕನ್ನಡಕ ಹಾಕಿಕೊಂಡರು. “ಸುಳ್ಳ ಹೇಳ್ರಿ ಅಂತ ನಾ ಅಂದಿಲ್ಲ. ವಯಸ್ಸಾತು, ಮರಿವು ಯಾರಿಗಿಲ್ರಿ.”

ನನಗಂತೂ ಜೀವ ಬಂದಂತಾಯಿತು. ಅರ್ಧ ಮನೆಯಾದರೂ ಸೈ, ಎರಡು ಕೋಣೆ, ತಲೆಯ ಮೇಲೆ ಸೂರು. ರಾಹೇಲ ಅವತ್ತು ಗಂಡನ ಮುಂದೆ ಕೂತು ಬೇಡಿಕೊಂಡಳು. ಗೋಡೆಯಾಚೆ ನನಗೆ ಎಲ್ಲ ಕೇಳಿಸಿತು. “ಎರಡ ಶಬ್ದ ಅಷ್ಟ ರೀ. ನೆನಪಿಲ್ಲ ಅನ್ರಿ. ನಾ ನಿಮ್ಮನ್ನ ಇಲ್ಲಿತನಕಾ ಏನೂ ಕೇಳಿಲ್ಲ.” ನೆಹೆಮಿಯಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೂಂ ಎಂದೇ ನಾವು ತಿಳಿದುಕೊಂಡೆವು.

ಕೋರ್ಟಿನಲ್ಲಿ ನಾನೂ ರಾಹೇಲಳೂ ಹಿಂದಿನ ಬೆಂಚಿನಲ್ಲಿ ಕೂತೆವು. ನೆಹೆಮಿಯಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಪ್ರಮಾಣ ಮಾಡಿಸಿದರು. ಶಂಭುಲಿಂಗ ವಕೀಲರು ಮೃತ್ಯುಪತ್ರ ಅವನ ಕೈಗೆ ಕೊಟ್ಟು, ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು. “ಈ ಸಹಿ ಯಾರದು, ನಿಮಗ ನೆನಪೈತೇನ್ರಿ?”

ಅವನು ಕಾಗದವನ್ನು ನೋಡಿದ. ಆಮೇಲೆ ನಮ್ಮ ಕಡೆ ನೋಡಿದ. ರಾಹೇಲ ಕಂಡೂ ಕಾಣದ ಹಾಗೆ ತಲೆಯಾಡಿಸಿದಳು, ಬೇಡ ಎಂದು.

“ನಂದ್ರಿ,” ಎಂದ.

ವಕೀಲರು ಇನ್ನೂ ಬಿಡಲಿಲ್ಲ. “ಸಾವಕಾಶ ನೆನಪ ಮಾಡ್ಕೊಂಡು ಹೇಳ್ರಿ.”

“ನೆನಪೈತ್ರಿ. ಅತ್ತಿ ಸಹಿ ಮಾಡೂದನ್ನ ಕಟ್ಟಿ ಮ್ಯಾಲಿಂದ ನೋಡೇನ್ರಿ. ಆಮ್ಯಾಲ ನನ್ನನ್ನ ಅವರ ಹಾಸಿಗಿ ಮ್ಯಾಲ ಕೂಡಿಸಿ ಹಾಕಿಸಿದ್ರು. ನನ್ನ ಹೆಸರ ಹಿಡದು ಕರದ್ರು.”

“ಕೇಳಿದ್ದಷ್ಟ ಹೇಳ್ರಿ,” ಎಂದರು ನ್ಯಾಯಾಧೀಶರು. ಹೆಸರು ಹಿಡಿದು ಕರೆದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮೂವರೂ ಒಂದೇ ಆಟೋದಲ್ಲಿ ಮನೆಗೆ ಬಂದೆವು. ನಾನು ನಡುವೆ ಕೂತಿದ್ದೆ. ಹಾಗೆ ಕೂರುವ ಗತಿ ಶತ್ರುವಿಗೂ ಬೇಡ.

“ನನ್ನ ಮನಿ ಹೋತು,” ಎಂದಳು ರಾಹೇಲ, ರಸ್ತೆ ನೋಡುತ್ತ. “ನಿಮ್ಮ ಮರ್ಯಾದಿ ಉಳೀತು.”

“ಮರ್ಯಾದಿ ಅಲ್ಲ ರಾಹೇಲಾ. ಅಷ್ಟ ವರ್ಷದಾಗ ಒಂದ ಸಲ ಕರದಾರ ಅವರು ನನ್ನ. ಅದು ಆಗಿಲ್ಲ ಅಂತ ಹೆಂಗ ಅನ್ಲಿ?”

“ಆಕಿನ್ನ ತೊಳದಾಕಿ ನಾ. ಉಣಸಿದಾಕಿ ನಾ. ನನಗೇನ ಉಳೀತು, ಅದನ್ನ ಹೇಳ್ರಿ.”

ನಾನಾಗಿದ್ದರೆ ಕೋರ್ಟಿನಲ್ಲಿ ಕಣ್ಣು ಮುಚ್ಚಿ ನೆನಪಿಲ್ಲ ಎಂದುಬಿಡುತ್ತಿದ್ದೆ, ಅದು ಬೇರೆ ಮಾತು. ಆದರೆ ನನ್ನನ್ನು ಯಾರೂ ವರ್ಷಗಟ್ಟಲೆ ಕಟ್ಟೆಯ ಮೇಲೆ ಕೂರಿಸಿರಲಿಲ್ಲ. ಅವತ್ತಿನಿಂದ ರಾಹೇಲ ಗಂಡನ ಜೊತೆ ಮಾತು ಬಿಟ್ಟಳು. ಅಡುಗೆ ಮಾಡಿ ಬಡಿಸುವಳು, ಅಂಗಿ ಒಗೆಯುವಳು, ಮಾತಿಲ್ಲ. ಅವನು ಕೆಲಸ ಮುಗಿಸಿ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದವನು ಮತ್ತೆ ಮೊದಲಿನ ಹಾಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯತೊಡಗಿದ.

ಪ್ರೊಬೇಟ್ ಬಂತು. ಅರ್ಜಿ ಹಾಕಿದವಳು ರಾಹೇಲ, ಕೋರ್ಟು ಒಪ್ಪಿದ್ದೂ ಅವಳ ಅರ್ಜಿಯನ್ನೇ. “ಕಾಗದದ ಪ್ರಕಾರ ನಾವ ಗೆದ್ದೀವ್ರಿ,” ಎಂದರು ಶಂಭುಲಿಂಗ ವಕೀಲರು, ನೆಲ ನೋಡುತ್ತ. ಗೆದ್ದವಳು ಈಗ ಮಾಡಬೇಕಾದ ಕೆಲಸ ಎಂದರೆ ತನ್ನ ಕೈಯಾರೆ ಮನೆಯನ್ನು ಸ್ಯಾಮ್‌ಗೆ ಒಪ್ಪಿಸುವುದು.

“ಆಕಿ ಒಲ್ಲೆ ಅಂದ್ರ?” ಎಂದೆ ನಾನು.

“ತಾನ ಹೊತ್ಕೊಂಡ ಜವಾಬ್ದಾರಿ. ನಡುವ ಬಿಟ್ಟು ಏಳಾಕ ಬರಂಗಿಲ್ರಿ.”

ಗೋಕುಲ ರಸ್ತೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದರು. ಒಪ್ಪಿಸುವ ದಿನ ಸ್ಯಾಮ್ ಬೆಳಗಾವಿಯಿಂದ ಬಂದ. ರಾಹೇಲ ಪಟ್ಟಿ ಹಿಡಿದು ಒಂದೊಂದೇ ಸಾಮಾನು ತೋರಿಸಿದಳು. ಮಂಚ ನೋಡು, ಕಪಾಟು ನೋಡು, ಗಾಲಿಕುರ್ಚಿ ನೋಡು. ಕಡೆಗೆ ಗಾಜಿನ ಬಟ್ಟಲನ್ನು ಎರಡೂ ಕೈಯಲ್ಲಿ ತಂದು ಅವನ ಮುಂದೆ ಹಿಡಿದಳು.

“ಅತ್ತೀ ಹಲ್ಲು. ತಗೋ.”

“ಇದನ್ಯಾಕ ಅಕ್ಕಾ,” ಎಂದ ಸ್ಯಾಮ್.

“ಪಟ್ಟಿಯೊಳಗ ಐತಿ. ನಿಂದು.”

ಅವನು ಬಟ್ಟಲು ಹಿಡಿದುಕೊಂಡು, ಎಲ್ಲಿಡಬೇಕು ತಿಳಿಯದೆ ನಿಂತ. ನನಗೆ ನಗೆಯೂ ಬಂತು, ಸಿಟ್ಟೂ ಬಂತು.

ಮನೆಯ ಕಬ್ಜಾ ಕೊಟ್ಟ ಬಗ್ಗೆ ಸ್ಯಾಮ್‌ನ ವಕೀಲರು ಒಂದು ಕಾಗದ ಬರೆದು ಕಳಿಸಿದ್ದರು. ರಾಹೇಲ ಸಹಿ ಮಾಡಿದಳು. ಸಾಕ್ಷಿ ಇಬ್ಬರು ಬೇಕು. ಈ ಸಲ ಪೆನ್ನು ನನ್ನ ಕಡೆ ಬಂದಾಗ ತಡೆಯುವವರು ಯಾರೂ ಇರಲಿಲ್ಲ, ನಾನು ಸಹಿ ಹಾಕಿದೆ. ಸ್ಯಾಮ್ ಆಚೀಚೆ ನೋಡಿದ. ಅವನ ಕೈಯಲ್ಲಿ ಇನ್ನೂ ಬಟ್ಟಲಿತ್ತು. “ಇನ್ನೊಬ್ರು ಬೇಕಲ್ಲ,” ಎಂದ. ಆಮೇಲೆ ಮೆಲ್ಲಗೆ, “ಮಾಮಾ ಹಾಕಿದ್ರ ನಡೀತೈತಿ.”

ನೆಹೆಮಿಯಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಕಾಲ ಹತ್ತಿರ ಗಂಟುಮೂಟೆ. ಅವನಿಗೆ ಎಲ್ಲ ಕೇಳಿಸಿರಬೇಕು, ಆದರೂ ಏಳಲಿಲ್ಲ. ರಾಹೇಲ ಬಾಗಿಲಿಗೆ ಹೋಗಿ ನಿಂತಳು.

“ಒಳಗ ಬರ್ರಿ,” ಎಂದಳು. ಕೋರ್ಟಿನಿಂದ ಬಂದ ಮೇಲೆ ಗಂಡನಿಗೆ ಅವಳು ಆಡಿದ ಮೊದಲ ಮಾತು ಅದು.

ಅವನು ಬಂದ, ಎರಡೂ ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ರಾಹೇಲ ತಾನೇ ಪೆನ್ನಿನ ಟೊಪ್ಪಿಗೆ ತೆಗೆದು ಅವನ ಕೈಗಿಟ್ಟಳು.

“ಹಾಕ್ರಿ. ನಿಮ್ಮ ಸಹಿಯಿಂದ ಹೋಗೂದು ಇನ್ನೇನೂ ಉಳಿದಿಲ್ಲ.”

ಅವನು ಸಹಿ ಹಾಕಿದ. ಅವಳು ಪೆನ್ನು ತೆಗೆದುಕೊಂಡು ಟೊಪ್ಪಿಗೆ ಹಾಕಿ ಕಾಗದದ ಮೇಲಿಟ್ಟಳು, ಅದರ ಪಕ್ಕದಲ್ಲಿ ಬೀಗದ ಕೈ ಇಟ್ಟಳು. ಆಮೇಲೆ ಇಬ್ಬರೂ ಮುಂದಿನ ಬಾಗಿಲಿನಿಂದ ಹೊರಗೆ ಹೋದರು.